ಮಸ್ಕಿ ಹಮಾಲನ ಮೀನಖಂಡ

೧೯೯೧ರ ಡಿಸೆಂಬರ್, ಒಂದು ಗುರುವಾರ, ಬೆಳಿಗ್ಗೆ ಆರು ಗಂಟೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸಿನಲ್ಲಿ ನಾನು, ಕಂಡಕ್ಟರ್, ಇನ್ನೂ ನಾಲ್ಕೈದು ಜನ. ನನ್ನ ಕಾಲುಗಳ ನಡುವೆ ಅಲ್ಲಿನ ಪಶು ಆಸ್ಪತ್ರೆಯಿಂದ ಕೇಳಿ ತಂದ, ಹೋರಿಯ ವೀರ್ಯ ಹೆಪ್ಪುಗಟ್ಟಿಸಿಡುವ ದ್ರವ ಸಾರಜನಕದ ಕ್ಯಾನು.

"ಬೀಜದ ಕ್ಯಾನ್ ಏನ್ರೀ? ಆಕಳಿಗೋ, ಎಮ್ಮಿಗೋ?" ಕಂಡಕ್ಟರ್ ಕೇಳಿದ.

"ಮನಷ್ಯಾಗ," ಎಂದೆ. ಹಿಂದಿನ ಸೀಟಿನವರು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಸಿಂಧನೂರಿನ ಖಾಸಗಿ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವನು. ಕೆಲವು ತಿಂಗಳಿಂದ ನನ್ನ ಹೆಂಡತಿಯ ರೆಪ್ಪೆಗಳು ಸಂಜೆಯಾದರೆ ಜೋತು ಬೀಳುತ್ತಿದ್ದವು; ಈಗ ತುತ್ತು ನುಂಗುವುದೂ ಕಷ್ಟವಾಗಿತ್ತು. ಒಬ್ಬ ಡಾಕ್ಟರು ಸ್ನಾಯುವಿನ ರೋಗವೆಂದರು, ಇನ್ನೊಬ್ಬರು ಮನಸ್ಸಿನದೆಂದರು. ತೀರ್ಮಾನಕ್ಕೆಂದು ಹೈದರಾಬಾದಿನ ಪ್ರಯೋಗಾಲಯವೊಂದಕ್ಕೆ ಅವಳ ರಕ್ತ ಕಳಿಸಿದ್ದೆವು.

ನರ ಕೊಡುವ ಸೂಚನೆಯನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು ಸ್ನಾಯುಕೋಶದ ಪೊರೆಯಲ್ಲಿರುತ್ತದೆ, ಗ್ರಾಹಕ ಎನ್ನುತ್ತಾರೆ. ಅದನ್ನು ಪೊರೆಯಿಂದ ಬಿಡಿಸಿ, ಶುದ್ಧಮಾಡಿ, ರೋಗಿಯ ರಕ್ತ ಅದರ ಮೇಲೆಯೇ ತಿರುಗಿ ಬೀಳುತ್ತದೆಯೇ ಎಂದು ಅಲ್ಲಿ ನೋಡುತ್ತಿದ್ದರು. ಆದರೆ ಅವರಿಗೆ ಬೇಕಾದದ್ದು ಮನುಷ್ಯರ ಸ್ನಾಯು, ಅದು ಮುಗಿದಿತ್ತು. ಎಲ್ಲಾದರೂ ಕಾಲು ತೆಗೆಯುವುದಿದ್ದರೆ, ರೋಗಿ ಒಪ್ಪಿದರೆ, ಹೆಪ್ಪುಗಟ್ಟಿಸಿ ಕಳಿಸಿ ಎಂದಿದ್ದರು.

ಅಂದು ಮಧ್ಯಾಹ್ನ ನಮ್ಮ ದವಾಖಾನೆಯಲ್ಲೇ ಮಸ್ಕಿಯ ಹಮಾಲನೊಬ್ಬನ ಬಲಗಾಲು ತೆಗೆಯುವುದಿತ್ತು. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತಿತ್ತು. ಮೀನಖಂಡ ಇನ್ನೂ ಚೆನ್ನಾಗಿತ್ತು. ಸರ್ಜನ್ ಒಪ್ಪಿದ್ದರು. ದವಾಖಾನೆ ಮುಟ್ಟಿದವನೇ ಅವನ ಮಂಚದ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಅವನ ಹೆಂಡತಿ ಪಕ್ಕದಲ್ಲಿ ಕೂತಿದ್ದಳು.

"ಆಗಂಗಿಲ್ರೀ," ಎಂದ. "ಕಾಲು ನಮ್ಮಪ್ಪನ ಬಾಜೂಕ ಹೂಳ್ತಾರ. ಮುಂದ ನಾನೂ ಅಲ್ಲೇ ಹೋಗಾಂವ. ಅರ್ಧಾ ಮಣ್ಣಾಗ, ಅರ್ಧಾ ಹೈದರಾಬಾದಿನಾಗ ಇದ್ರ ಆಕಡಿ ಹೆಂಗ ನಡೀಲಿ?"

"ಇಷ್ಟ ದಿನ ಮನಿಗೇ ನೆಟ್ಟಗ ನಡದು ಬಂದಿಲ್ಲ, ಸತ್ತ ಮ್ಯಾಲ ಎಲ್ಲಿಗೆ ಹೊಂಟಿ?" ಎಂದಳು ಹೆಂಡತಿ.

ಅವನು ನಕ್ಕ, ಆದರೆ ಒಪ್ಪಲಿಲ್ಲ. "ಇದ್ರಾಗ ನಿಮ್ಮದೇನೈತ್ರೀ?" ಎಂದು ನನ್ನನ್ನೇ ನೋಡಿದ.

"ಅಲ್ಲಿ ಕಾಯಾಕತ್ತಿದ್ದು ನನ್ನ ಮನಿಯಾಕಿ ರಕ್ತ."

ಗೋಡೆ ಕಡೆ ಮುಖ ತಿರುಗಿಸಿದ. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಮಂಚದ ಕಂಬಿ ಹಿಡಿದು ನಿಂತೆ.

"ಎಷ್ಟು ಬೇಕು?" ಕೊನೆಗೆ ಕೇಳಿದ.

"ಒಂದು ಹಿಡಿ."

"ತಗೋರಿ. ಹಿರ್ಯಾರು ನೋಡಿದ್ರ ಕಾಲು ಕಾಲಿನಂಗ ಕಾಣಬೇಕು."

ಮಧ್ಯಾಹ್ನ ಸರ್ಜನ್ ಕಾಲನ್ನು ನನ್ನ ಟ್ರೇಯಲ್ಲಿ ಇಟ್ಟರು. ಮೀನಖಂಡದಿಂದ ಒಂದು ಹಿಡಿ ತೆಗೆದು, ಚೂರು ಮಾಡಿ, ಕ್ಯಾನಿಗೆ ಇಳಿಸಿದೆ. ನನ್ನ ಹೆಂಡತಿಯ ತಮ್ಮ ಅದನ್ನು ಹಿಡಿದು ಹೈದರಾಬಾದ್ ಬಸ್ಸು ಹತ್ತಿದ. ಎಷ್ಟು ಸ್ನಾಯು ಅರೆದರೂ ಕೈಗೆ ಸಿಗುವ ಗ್ರಾಹಕ ಕಣ್ಣಿಗೆ ಕಾಣದಷ್ಟು. ಒಂದು ಹಿಡಿಯಲ್ಲಿ ಉತ್ತರ ಸಿಗುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ.

ತೆಗೆದ ಜಾಗಕ್ಕೆ ಹತ್ತಿ ತುಂಬಿ, ಚರ್ಮ ಹೊಲಿದು, ಬಿಳಿ ಬಟ್ಟೆ ಸುತ್ತಿ ಕಾಲನ್ನು ಹಮಾಲನ ಹೆಂಡತಿಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಎತ್ತಿ ನೋಡಿದಳು.

"ಹಗುರಾಗೇತಲ್ರೀ."

ಹೊರಗೆ ಟೆಂಪೋದಲ್ಲಿ ಕಾಯುತ್ತಿದ್ದ ಗಂಡನ ತಮ್ಮನ ತೊಡೆಯ ಮೇಲೆ ಅವಳೇ ಅದನ್ನು ಮಲಗಿಸಿದಳು.

ಟ್ರೇ ತೊಳೆದು ಮನೆಗೆ ಬಂದೆ. ನನ್ನ ಹೆಂಡತಿ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಬಾಗಿಲು ನೋಡುತ್ತಿದ್ದಳು. ಚಮಚದಿಂದ ಗಂಜಿ ಕುಡಿಸಿದೆ. ಅರ್ಧ ಬಟ್ಟಲು ಇಳಿಯಲು ಬಹಳ ಹೊತ್ತು ಹಿಡಿಯಿತು. ಬಟ್ಟಲು ತೊಳೆದಿಟ್ಟೆ.