ಕೆರೆ ಹಸಿರಾದ ವರ್ಷದ ಗಂಗೆಪೂಜೆ

ಕೆರೆ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ನಮ್ಮ ಕಡೆ ನೊರೆ ನೋಡಿ ಹೇಳುತ್ತೇವೆ. ಆ ಬೇಸಿಗೆ ನೊರೆ ಇರಲಿಲ್ಲ, ನಾತವೂ ಇರಲಿಲ್ಲ. ಹೆಬ್ಬಗೋಡಿ ಪಕ್ಕದ ನಮ್ಮ ಕೆರೆ ಭತ್ತದ ಪೈರಿನ ಹಾಗೆ ಹಸಿರಾಗಿತ್ತು. ಹುಡುಗರು ಈಜು ಹೊಡೆಯುತ್ತಿದ್ದರು. ಮೊಮ್ಮಗಳು ಹೆತ್ತು ತಿಂಗಳು ಕಳೆದಿತ್ತು. ಗಂಗೆಪೂಜೆ ಕೆರೆಯಲ್ಲೇ ಆಗಬೇಕೆಂದು ನಾನು ಹಟ ಹಿಡಿದೆ. ಪೂಜೆಯಾದ ಮೇಲೆ ಒಂದು ತೊಟ್ಟು ಕೆರೆನೀರನ್ನು ಕೂಸಿನ ತುಟಿಗೆ ಮುಟ್ಟಿಸುವುದು ನಮ್ಮ ಮನೆಯ ಪದ್ಧತಿ.

“ನಲ್ಲೀಲೇ ಮಾಡಣ ಅಜ್ಜಿ,” ಎಂದಳು ಮೊಮ್ಮಗಳು.

“ನಲ್ಲೀಲಿ ಬರೋದು ಗಂಗಮ್ಮ ಅಲ್ಲ ಕಣೆ, ಟ್ಯಾಂಕರ್ ನೀರು. ಸುಮ್ನೆ ನಡಿ.”

ದಡದಲ್ಲಿ ಒಬ್ಬಳು ಹುಡುಗಿ ಬೋರ್ಡು ನೆಡಿಸುತ್ತಿದ್ದಳು. ಆಗಾಗ ಬಂದು ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಒಯ್ಯುವವಳು. ನಾನು ಬಿಂದಿಗೆ ಹಿಡಿದು ಇಳಿಯುವುದನ್ನು ಕಂಡು ಓಡಿಬಂದಳು.

“ಮುಟ್ಬೇಡಿ ಅಜ್ಜಿ! ನೀರಲ್ಲಿ ವಿಷ ಇದೆ. ಮಕ್ಕಳು, ನಾಯಿ ಯಾರೂ ಇಳೀಬಾರ್ದು ಅಂತಾನೇ ಬೋರ್ಡ್ ಹಾಕ್ತಿರೋದು.”

“ಎಲ್ಲವ್ವ ವಿಷ? ನೊರೆ ಐತಾ? ಪಾಚಿ ಕಟ್ಟೈತೆ ಅಷ್ಟೇ. ದಾರಿ ಬಿಡು.”

ಅವಳು ವಾದ ಮಾಡಲಿಲ್ಲ. ಒಂದು ಕೋಲು ಕೊಟ್ಟು, “ಅದ್ದಿ ನೋಡಿ,” ಎಂದಳು. ನಾನು ಕಂಡ ಪಾಚಿಯಾಗಿದ್ದರೆ ಎಳೆ ಎಳೆಯಾಗಿ ಸುತ್ತಿಕೊಂಡು ಬರಬೇಕಿತ್ತು. ಕೋಲು ಪೇಂಟ್ ಡಬ್ಬಿಯಿಂದ ಎದ್ದ ಹಾಗೆ ಬಂತು.

“ಯಾವ ಫ್ಯಾಕ್ಟ್ರಿಯವ್ರು ಬಣ್ಣ ಬಿಟ್ರು?”

“ಯಾರೂ ಬಿಟ್ಟಿಲ್ಲ. ಬಣ್ಣ ಅಲ್ಲ ಅಜ್ಜಿ, ಜೀವ ಇದು. ವಿಷ ಬಿಡೋದೂ ಇದೇ.”

ಒಂದು ತೊಟ್ಟನ್ನು ಗಾಜಿನ ಮೇಲೆ ಬಿಟ್ಟು, ಭೂತಗನ್ನಡಿಯಂಥ ಯಂತ್ರಕ್ಕೆ ಕಣ್ಣಿಡಲು ಹೇಳಿದಳು. ಪೊರೆ ತೆಗೆಸಿದ ಕಣ್ಣು ನನ್ನದು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಹಸಿರು ಮಣಿ. ಕರಿಮಣಿಯ ಹಾಗೆ ಸರ ಸರವಾಗಿ, ಒಂದರ ಮೇಲೊಂದು. ಯಾರು ಪೋಣಿಸಿದರೋ! ಒಂದೇ ತೊಟ್ಟಿನಲ್ಲಿ ಇಷ್ಟಿದ್ದರೆ ಕೆರೆಯಲ್ಲಿ ಎಷ್ಟು? ತಲೆ ಎತ್ತಿ ಕೆರೆ ನೋಡಿದೆ.

“ಇದ್ಕೆ ಬಾಯಿ ಐತಾ?”

“ಇಲ್ಲ. ಬಿಸಿಲು, ನಮ್ ಚರಂಡಿ ನೀರು ಎರಡಿದ್ರೆ ಸಾಕು.”

“ಬಾಯಿಲ್ದೆ ಇಡೀ ಕೆರೆ ನುಂಗೈತಲ್ಲೇ!”

ಈಜುತ್ತಿದ್ದವರನ್ನು ಬೈದು ಮೇಲಕ್ಕೆ ಎಬ್ಬಿಸಿದೆ. ಕೆರೆಗೆ ದೂರದಿಂದಲೇ ಕೈ ಮುಗಿದು ಮನೆಗೆ ಬಂದೆವು. ಅಂಗಳದ ನೀಲಿ ಡ್ರಮ್ಮಿಗೆ ಅರಿಶಿನ, ಕುಂಕುಮ ಹಚ್ಚಿದೆ.

“ಟ್ಯಾಂಕರ್ ಗಂಗಮ್ಮ!” ಮೊಮ್ಮಗಳು ನಕ್ಕಳು.

“ಮುಚ್ಚೆ ಬಾಯಿ.”

ಕಾಯಿಸಿ ಆರಿಸಿದ ಆ ನೀರಿನ ಒಂದು ತೊಟ್ಟನ್ನು ಬೆರಳ ತುದಿಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ಏನೂ ಕಾಣಲಿಲ್ಲ. ಆದರೂ ನೋಡುತ್ತಲೇ ಇದ್ದೆ.

“ಅಜ್ಜಿ, ಕೂಸು ಬಾಯಿ ಬಿಟ್ಕಂಡು ಕಾಯ್ತೈತೆ.”