ವಾಣಕ್ಕೆ ಬಂದ ಪಾಟೀಚೀಲ

ಶೇವಂತಾಬಾಯಿಗೆ ಹೇಸಿಗೆ ಸುಮ್ಮಸುಮ್ಮನೆ ಬರುವಂಥದ್ದಲ್ಲ. ತಾಸಗಾಂವ ಕಡೆಯ ಒಂದು ಮಾಸ್ತರಿಕೆ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಪಾಯಖಾನೆ ತೊಳೆದವಳು ಅವಳು. ಸತ್ತ ಹೆಗ್ಗಣವನ್ನು ಬಾಲ ಹಿಡಿದು ಒಗೆದು ಬಂದು, ಕೈ ತೊಳೆದು, ಅದೇ ಕೈಯಲ್ಲಿ ಜೋಳದ ಭಾಕರಿ ಮುರಿದು ತಿಂದವಳು. ಅಂಥವಳಿಗೆ ಆ ವರ್ಷ ರಥಸಪ್ತಮಿಯ ಮುಂಚಿನ ಎರಡು ದಿನ ಒಂದು ತುತ್ತೂ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಸಕ್ಕರೆ ಕಾರ್ಖಾನೆಯ ಬಯಲಿನಲ್ಲಿ, ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯಲು ಬಂದವರ ಗುಡಿಸಲುಗಳ ನಡುವೆ ಒಂದು ತಗಡಿನ ಶಾಲೆ ಇತ್ತು. ಹಂಗಾಮು ಮುಗಿಯುವ ತನಕ ಮಾತ್ರ ನಡೆಯುವ ಶಾಲೆ. ನಲವತ್ತೊಂದು ಮಕ್ಕಳು. ಕಾಲೇಜಿನ ಹುಡುಗಿಯರು ಪಾಠ ಹೇಳುವುದನ್ನು ರೂಢಿ ಮಾಡಿಕೊಳ್ಳಲು ಬುಧವಾರ ಅಲ್ಲಿಗೆ ಹೋಗುತ್ತಿದ್ದರು. ಶೇವಂತಾಬಾಯಿ ಅವರ ಪಾಠದ ಪಟ, ಚಾಪೆ ಹೊತ್ತುಕೊಂಡು ಹಿಂದೆ ಹೋಗುತ್ತಿದ್ದಳು. ಮಕ್ಕಳು ಕಬ್ಬಿನ ಸಿಬಿರಿನಿಂದ ಮಣ್ಣಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ವೃಷಾಲಿ ಎನ್ನುವ ಹುಡುಗಿ ದಾರಿಯುದ್ದಕ್ಕೂ ಅತ್ತಳು. ಮನಸ್ಸು ಒಳ್ಳೆಯದು ಆ ಹುಡುಗಿಯದು. ಬುದ್ಧಿ ಮಾತ್ರ ಅವಸರದ್ದು.

ಸಂಕ್ರಾಂತಿಯ ಮರುದಿನ ಕುಣಿಯುತ್ತ ಬಂದಳು. "ಮಾವಶಿ, ಈ ಸಲ ಕಾಲನಿ ಬಾಯಂದಿರ ಅರಿಶಿನ-ಕುಂಕುಮಕ್ಕ ಪ್ಲಾಸ್ಟಿಕ್ ಡಬ್ಬಿ ಬ್ಯಾಡ, ಬರಿಯೂ ವಹಿ, ಪಾಟಿ, ಪೆನ್ಸಿಲ್ಲ ವಾಣ ಕೊಡ್ರಿ ಅಂತ ಹೇಳಿ ಬಂದೀವಿ. ಎಲ್ಲಾ ಆ ಮಕ್ಕಳಿಗೆ!"

ಶೇವಂತಾಬಾಯಿಯ ಪೊರಕೆ ನಿಂತಿತು. "ವಾಣ ಅಂದ್ಯೇನವ್ವಾ?"

"ಹೂಂ ಮತ್ತ. ಹಬ್ಬದಾಗ ಯಾರೂ ಇಲ್ಲ ಅನ್ನೂದಿಲ್ಲ."

"ಬರೇ ಕೊಡ್ರಿ ಅಂತ ಕೇಳಬೇಕಿತ್ತು. ವಾಣ ಅಂದ್ರ ಕೆಟ್ಟಿತು ಬಿಡು."

ಅರಿಶಿನ-ಕುಂಕುಮದ ಉಡುಗೊರೆಯಾದ ಈ ವಾಣದ ಹಣೆಬರಹ ಯಾರಿಗೆ ಗೊತ್ತಿಲ್ಲ? ರಥಸಪ್ತಮಿಯ ತನಕ ಮುತ್ತೈದೆಯರು ಒಬ್ಬರಿಗೊಬ್ಬರು ಕೊಡುವುದು ಹೋದ ವರ್ಷ ತಮಗೆ ಬಂದದ್ದನ್ನೇ. ಕಾಲೇಜಿನ ಪಕ್ಕದ ಕಾಲನಿಯಲ್ಲಿ ಒಂದು ಚಹಾ ಸೋಸುವ ಜಾಳಿಗೆ ಏಳು ವರ್ಷದಿಂದ ಮನೆಮನೆ ಸುತ್ತುತ್ತಿತ್ತು, ಅದರಲ್ಲಿ ಯಾರೂ ಚಹಾ ಸೋಸಿರಲಿಲ್ಲ. ಮೇಲಾಗಿ ಮುತ್ತೈದೆ ಕೊಟ್ಟ ವಾಣವನ್ನು ಒಲ್ಲೆ ಅನ್ನುವಂತಿಲ್ಲ, ತಿರುಗಿಸಿ ಕೊಡುವಂತಿಲ್ಲ.

"ನಿಮಗ ಎಲ್ಲಾದರಾಗೂ ಕೊಂಕ ಕಾಣತೈತಿ, ಮಾವಶಿ," ಅಂದು ವೃಷಾಲಿ ನಕ್ಕಳು.

ಹುಡುಗಿಯ ನಗು ನೋಡಿ ಶೇವಂತಾಬಾಯಿಗೂ ಆಸೆ ಹುಟ್ಟಿತು. ಮುಂದಿನ ಬುಧವಾರ ಶಾಲೆಯಲ್ಲಿ ಒಂದು ಸಣ್ಣ ಹುಡುಗಿ ಸೆರಗು ಜಗ್ಗಿ, "ಆಜಿ, ವಹಿ ಕೊಡ್ತಾರಂತ. ಹೊಸಾವೇನು?" ಅಂತ ಕೇಳಿತು. "ಹೊಸಾವ. ಮೂಗಿಗೆ ಹಿಡದ ನೋಡು, ಘಮ್ ಅಂತಾವ," ಅಂದುಬಿಟ್ಟಳು. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅರವತ್ತು ವರ್ಷದಿಂದ ಹೊಟ್ಟೆಯಲ್ಲಿದ್ದ ಮಾತು.

ಅವಳೂ ಬೀಡದಿಂದ ಕಬ್ಬಿನ ಗಾಡಿಯ ಮೇಲೆ ಕೂತು ಬಂದ ಮಗುವೇ. ಒಂದೇ ಒಂದು ಹಂಗಾಮು ಶಾಲೆಗೆ ಹೋದಳು. ಯಾವುದೋ ದೊಡ್ಡ ಮನೆಯವರು ಕೊಟ್ಟ ವಹಿ ಅವಳ ಪಾಲಿಗೆ ಬಂತು. ಅರ್ಧ ಬರೆದದ್ದು, ಮೇಲೆ 'ಸುಹಾಸಿನಿ' ಎಂದು ಚಂದದ ಅಕ್ಷರ, ಒಳಗೆ ಎರಡು ಹಾಳೆಗಳನ್ನು ಅಂಟಿಸಿದ್ದ ಒಣಗಿದ ಸಿಂಬಳ. ಮಾಸ್ತರರು ಸುಹಾಸಿನಿ ಎಂದೇ ಕೂಗಿದರು. ಮಕ್ಕಳಿಗೆ ಅಷ್ಟು ಸಾಕಾಯಿತು. "ಏ ಸುಹಾಸಿನಿ, ನಿಮ್ಮ ಬಂಗಲೇದಾಗ ಇವತ್ತ ಏನ ಅಡಗಿ?" ಆ ಸಿಂಬಳದ ಹಾಳೆ ಅವಳ ಕಣ್ಣಿಗೆ ಇವತ್ತಿಗೂ ಕಟ್ಟಿದ ಹಾಗಿದೆ.

ಅರಿಶಿನ-ಕುಂಕುಮದ ದಿನ ಕಾಲೇಜಿನ ದೊಡ್ಡ ಕೋಣೆಯಲ್ಲಿ ಜಮಖಾನೆ ಹಾಸಿ ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಗಂಡ ಸತ್ತ ಮೇಲೆ ಅದೇ ಅವಳ ಜಾಗ. ತಾನೂ ಒಂದು ಡಬ್ಬಿ ಬಳಪ ಕೊಂಡುತಂದಿದ್ದಳು. ಕಾಲನಿಯ ಹಿರಿಯ ಬಾಯಿ ಪುಷ್ಪಲತಾಬಾಯಿ ಬಂದಾಗ ಚಾಚಿದಳು. ಆಕೆ ಜರಿ ಸೆರಗು ಬಿಗಿಮಾಡಿ ಹಿಂದೆ ಸರಿದಳು.

"ಅಲ್ಲೇ ಇಡ ಶೇವಂತಾ. ವಾಣದಾಗ ಕೂಡಸಬ್ಯಾಡ. ನಿನ್ನ ಕೈ... ತಿಳೀತಲ್ಲ?"

ತಿಳಿಯಿತು. ಸಂಜೆ ಎಲ್ಲರೂ ಹೋದ ಮೇಲೆ ಅದೇ ಪುಷ್ಪಲತಾಬಾಯಿ ಬಾಗಿಲಿಗೆ ಬಂದು ಅಂದಳು: "ಒಂಬತ್ತು ಗೋಣಿಚೀಲ ಆಗ್ಯಾವ ನೋಡು! ನಾಡಿದ್ದು ಹಂಚೂದರ ಫೋಟೋ ತಗೀಯಾಕ ಬರ್ತಾರ. ನೀನ ಕೂತು ಒಂದಿಷ್ಟು ವಿಂಗಡಿಸು."

ಕೊಡುವಾಗ ಸೋಂಕಬಾರದ ಕೈ, ವಿಂಗಡಿಸುವುದಕ್ಕೆ ನಡೆಯುತ್ತದೆ.

ಮೊದಲ ಗೋಣಿ ಸುರಿದಳು. ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುವ ಹಳೇ ಪಾಟೀಚೀಲಗಳು. ಒಂದರ ತಳದಲ್ಲಿ ಇಲಿ ಮರಿ ಹಾಕಿ ಹೋಗಿತ್ತು, ಹಿಕ್ಕೆಯ ಜೊತೆ ಸಣ್ಣ ಎಲುಬುಗಳೂ ಇದ್ದವು. ಇನ್ನೊಂದರೊಳಗೆ ಮುಚ್ಚಿದ ಊಟದ ಡಬ್ಬಿ. ತೆರೆದರೆ ಹಸಿರು ಬೂಷ್ಟು ಗಡ್ಡದಂತೆ ಬೆಳೆದಿತ್ತು, ಆ ನಾತಕ್ಕೆ ಕಣ್ಣಲ್ಲಿ ನೀರು ಬಂತು. ಒಣಗಿದ ಪೆನ್ನು, ಹಲ್ಲಿನಿಂದ ಕಚ್ಚಿ ನುಗ್ಗು ಮಾಡಿದ ಪೆನ್ಸಿಲ್ಲು, ರಸಗೊಬ್ಬರ ಅಂಗಡಿಯ ಹಳೇ ಡೈರಿ, ಜಿರಳೆ ಮೊಟ್ಟೆ ಹತ್ತಿದ ಕಂಪಾಸು, ತುಂಬ ಬರೆದ ವಹಿಗಳು. ಪ್ರತಿಯೊಂದಕ್ಕೂ ಚೊಕ್ಕ ಬಣ್ಣದ ಕಾಗದ ಸುತ್ತಿ ಅರಿಶಿನ ಕುಂಕುಮ ಹಚ್ಚಿದ್ದರು. ಒಂಬತ್ತು ಗೋಣಿಯಲ್ಲಿ ಹೊಸದು ಅಂತ ಸಿಕ್ಕಿದ್ದು ಇಪ್ಪತ್ತು ವಹಿ. ಅವನ್ನು ತಂದವಳು ಗಿರಣಿಯ ಕಟ್ಟೆಯಲ್ಲಿ ಹಪ್ಪಳ ಮಾರುವ ಬಾಯಿ.

ಮರುದಿನ ಬೆಳಿಗ್ಗೆ ವೃಷಾಲಿ ಬಂದು ನೋಡಿ ಮೂಗು ಮುಚ್ಚಿಕೊಂಡಳು, ಪುಷ್ಪಲತಾಬಾಯಿಯನ್ನು ಕೇಳಲು ಓಡಿಹೋಗಿ ಸಪ್ಪೆ ಮುಖದಲ್ಲಿ ತಿರುಗಿ ಬಂದಳು. "ಮಾವಶಿ, ಇದನ್ನ ಕೊಡೂದು ಹ್ಯಾಂಗ?"

"ಪುಷ್ಪಲತಾಬಾಯಿ ಏನಂದ್ಲು?"

"ಒರಸಿ ಕೊಡ್ರಿ, ಅವಕ್ಕ ಅಷ್ಟೂ ಇಲ್ಲಲ್ಲ, ಅಂದ್ರು. ತಿರುಗಿ ಕೊಡಾಕ ಬರೂದಿಲ್ಲ, ವಾಣ ಅದು."

ಶೇವಂತಾಬಾಯಿ ಆ ಬೂಷ್ಟಿನ ಡಬ್ಬಿ ಎತ್ತಿ ಹಿಡಿದಳು. "ಯಾರ ಮುಟ್ಯಾರ ಇದನ್ನ?"

"ನೀವು."

"ಒಂಬತ್ತು ಗೋಣೀನೂ?"

"ನೀವ..." ಹುಡುಗಿಯ ಮುಖದಲ್ಲಿ ಮೆಲ್ಲಗೆ ಬೆಳಕು ಮೂಡಿತು.

"ಮತ್ತ ಇನ್ನೆಲ್ಲಿ ವಾಣ? ರಂಡೆಮುಂಡೆ ಕೈ ಹತ್ತಿ ಎಲ್ಲಾ ಕೆಟ್ಟ ಹೋತು. ಈಗಿದು ಬರೇ ಕಸ. ಕಸ ಯಾರ ಮನೀದೋ ಅವರ ಮನಿಗೆ."

ವಹಿ, ಪಾಟೀಚೀಲ, ಕಂಪಾಸುಗಳ ಮೇಲೆ ಕಾಲನಿ ಮಕ್ಕಳ ಹೆಸರುಗಳಿದ್ದವು. ವೃಷಾಲಿ ಓದಿದಳು, ಶೇವಂತಾಬಾಯಿ ಮನೆ ಹೇಳಿದಳು, ಇಬ್ಬರೂ ಗೋಣಿಗಳನ್ನು ಕಾಲೇಜಿನ ತಳ್ಳುಗಾಡಿಗೆ ಹೇರಿದರು. ಬೆಳಗಿನ ಬಿಸಿಲಲ್ಲಿ, ರಂಗೋಲಿ ಹಾಕಿದ ಒಂದೊಂದೇ ಗೇಟಿನ ಮುಂದೆ ಅವರವರದ್ದು ಇಳಿಸುತ್ತ ಹೋದರು. ಬೂಷ್ಟಿನ ಡಬ್ಬಿಯ ಪಾಟೀಚೀಲ ಪುಷ್ಪಲತಾಬಾಯಿಯ ಮೊಮ್ಮಗನದು.

"ಏನಿದು ಅನಿಷ್ಟ!" ಆಕೆ ಚೀರಿದಳು. "ವಾಣ ತಿರುಗಿ ತರ್ತಾರೇನ ಯಾರರೆ?"

"ವಾಣ ಅಲ್ರಿ ಬಾಯಿ. ನನ್ನ ಕೈ ಹತ್ತೇತಿ. ನೀವ ವಿಂಗಡಿಸಂದ್ರಿ, ವಿಂಗಡಿಸೀನಿ." ಡಬ್ಬಿಯ ಮುಚ್ಚಳ ತೆರೆದು ಗೇಟಿನ ಕಂಬದ ಮೇಲೆ ಇಟ್ಟಳು. "ಇದು ನಿಮ್ಮ ಭಾಗಕ್ಕ ಬಂತು."

ಪುಷ್ಪಲತಾಬಾಯಿ ಸೆರಗಿನಿಂದ ಬಾಯಿ ಒತ್ತಿಕೊಂಡು ತುಳಸಿಕಟ್ಟೆಯ ಬಳಿಯೇ ವಾಂತಿ ಮಾಡಿದಳು.

ಆ ಮಧ್ಯಾಹ್ನ ಕಾಲೇಜಿನಲ್ಲಿ ದೊಡ್ಡ ಗದ್ದಲವಾಯಿತು, ಫೋಟೋ ರದ್ದಾಯಿತು. ಇಬ್ಬರು ಬಾಯಂದಿರು ನಾಚಿಕೊಂಡು ಹೊಸ ವಹಿ ಕಳಿಸಿದರು. ಉಳಿದವರು ದೂರು ಕಳಿಸಿದರು. ಹೊಸ ವಹಿ ಎಲ್ಲ ಕೂಡಿ ಇಪ್ಪತ್ತಾರಾದವು. ಶೇವಂತಾಬಾಯಿ ಅವುಗಳಲ್ಲಿ ಹದಿನೈದು ದಪ್ಪ ವಹಿಗಳ ಹೊಲಿಗೆ ಬಿಚ್ಚಿ, ಎರಡೆರಡು ಮಾಡಿ, ದಬ್ಬಣದಿಂದ ಮತ್ತೆ ಹೊಲಿದಳು. ನಲವತ್ತೊಂದಾದವು. ತೆಳ್ಳಗಿದ್ದವು, ಆದರೆ ಮೇಲೆ ಯಾರ ಹೆಸರೂ ಇರಲಿಲ್ಲ. ಬುಧವಾರ ಆ ಸಣ್ಣ ಹುಡುಗಿ ವಹಿಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಹಾಗೇ ಕೂತಿತ್ತು. ಶೇವಂತಾಬಾಯಿಯ ಮೂಗಿಗೆ ಮಾತ್ರ ಅವತ್ತೂ ಆ ಡಬ್ಬಿಯದೇ ನಾತ.

ಮರುವರ್ಷ ಕಾಲನಿಯವರು ಮತ್ತೆ ಪ್ಲಾಸ್ಟಿಕ್ ಡಬ್ಬಿಗೆ ಬಂದರು. ಜಮಖಾನೆ ಹಾಸುವುದಕ್ಕೂ ಶೇವಂತಾಳನ್ನು ಕರೆಯಬಾರದು ಅಂತ ನಿಶ್ಚಯ ಮಾಡಿದರಂತೆ. ವೃಷಾಲಿ ಬಂದು ಹೇಳಿದಾಗ ಅವಳು ಸಂಡಾಸಿಗೆ ಫಿನಾಯಿಲ್ ಸುರಿಯುತ್ತಿದ್ದಳು.

"ಭಾಳ ಚಲೋ ಆತು," ಅಂದಳು. "ಇಲ್ಲಿ ನಾತ ಕಡಿಮಿ."