ಕಂಬಳಿಯ ಮೇಲೆ ಮಲಗಿದ ಅಕ್ಕೋರು

ಯಾರೇ ಮಾತಾಡಲಿ, ಕಸ್ತೂರಿ ಅಕ್ಕೋರು ನಡುವೆ ತಡೆಯುತ್ತಿದ್ದರು. "ನಿಲ್ರಿ ಆಯಿ, ಆ ಮಾತು ಇನ್ನೊಮ್ಮಿ ಹೇಳ್ರಿ." ಅವರು ಗೋಕಾಕದ ಕಾಲೇಜಿನಲ್ಲಿ ಕನ್ನಡದ ಪ್ರೊಫೆಸರ್. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೂ ಬಸ್ಸು ಹತ್ತಿ ಕೌಜಲಗಿಗೆ ಬರುತ್ತಿದ್ದವರು ಅವರೇ.

ಬೀಸುವ ಹಾಡು, ತೊಟ್ಟಿಲ ಹಾಡು ಎಲ್ಲ ಮೊಬೈಲಿಗೆ ತುಂಬಿಕೊಂಡಾಗಿತ್ತು. ಬರೆಯುತ್ತಿದ್ದ ಪುಸ್ತಕಕ್ಕೆ ಒಂದೇ ಕೊರತೆ: ಸತ್ತವರ ಮುಂದೆ ಕುಳಿತು ಹೆಂಗಸರು ಅಳುತ್ತ ಹಾಡುವ ಹಾಡು. ಬಲ್ಲವರೆಲ್ಲ ಮುದುಕಿಯರು, ನಮ್ಮ ಜೊತೆ ಹಾಡೂ ಹೋಗುತ್ತದೆಂಬ ಚಿಂತೆ ಅಕ್ಕೋರಿಗೆ. ಹುಕ್ಕೇರಿ, ಮೂಡಲಗಿ ಎಲ್ಲ ಸುತ್ತಿ ಬಂದಿದ್ದರು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಹೆಣ ಇಲ್ಲದ ಹಾಡಾಂಗಿಲ್ರಿ ಅಕ್ಕೋರ. ಮನಿಗಿ ಕೇಡು," ಅಂದೆ.

"ನಾನ ಹೆಣ ಅಂತ ತಿಳ್ಕೋರಿ."

"ಹಂಗಾದ್ರ ಮನ್ಯಾಗ ಬ್ಯಾಡ. ಹೊಲಕ್ಕ ನಡೀರಿ."

ಕುರಿ ನಿಲ್ಲಿಸಿದ್ದ ಹೊಲದಲ್ಲಿ ಕಂಬಳಿ ಹಾಸಿದೆ. ಇಸ್ತ್ರಿ ಮಾಡಿದ ಸೀರೆ ಉಟ್ಟ ಪ್ರೊಫೆಸರ್ ಎದೆಯ ಮೇಲೆ ಮೊಬೈಲಿಟ್ಟುಕೊಂಡು ಕಣ್ಣು ಮುಚ್ಚಿ ಮಲಗಿದರು. ಸತ್ತವರು ಮಾಡಿದ್ದನ್ನೆಲ್ಲ ಎತ್ತಿ ಹೇಳಿ ಅಳಬೇಕು. ಇವರದು ನನಗೇನು ಗೊತ್ತು?

"ಏನೇನ್ ಮಾಡೀರಿ, ಹೇಳ್ರಿ. ಅಳಾಕ ಬೇಕಲ್ಲ?"

ಹೆಣ ಹೇಳಿತು: ಹುಟ್ಟಿದ್ದು ಬೆಲ್ಲದ ಬಾಗೇವಾಡಿ, ಎಂ.ಎ. ಧಾರವಾಡದಲ್ಲಿ, ಮೊದಲ ನೌಕರಿ ಮೂಡಲಗಿ, ಡಾಕ್ಟರೇಟು ಡೊಳ್ಳಿನ ಹಾಡುಗಳ ಮೇಲೆ.

"ಹಾಡು ಕೇಳಿದ್ದಕ್ಕ ಪಗಾರ ಕೊಡ್ತಾರೇನ್ರಿ?"

"ಕೊಡ್ತಾರ ಆಯಿ. ನೀವು ಶುರು ಮಾಡ್ರಿ."

ಹಾಡು ಎತ್ತಿಕೊಂಡೆ. "ಬಾಗೇವಾಡಿ ಮಗಳ, ಧಾರವಾಡ ಕಂಡಾಕಿ, ನಮ್ಮ ಹಾಡಿಗಿ ಕಿವಿ ಕೊಟ್ಟಾಕಿ..."

ಹೆಣ ಒಂದು ಕಣ್ಣು ತೆರೆಯಿತು. "ನಿಲ್ರಿ ಆಯಿ, ಅದನ್ನ ಇನ್ನೊಮ್ಮಿ."

"ಸತ್ತಾಕಿ ಮಾತಾಡಬಾರ್ದು. ಸುಮ್ನ ಬೀಳ್ರಿ!"

ಸುಮ್ಮನಿರುವ ಜೀವವೇ ಅದು? ತಡೆದು ತಡೆದು, ಹಾಡು ಮುಗಿಯುವಷ್ಟರಲ್ಲಿ ಕುರಿಗಳು ಹಟ್ಟಿಗೆ ಹೊರಟಿದ್ದವು. ಪುಸ್ತಕ ಬಂತು, ಹಾಡು ಅದರೊಳಗೆ ಸೇರಿತು. ಆಮೇಲೂ ಎಷ್ಟೋ ವರ್ಷ ಅಕ್ಕೋರು ಗಟ್ಟಿಯಾಗಿಯೇ ಓಡಾಡಿದರು.

ಹೋದ ವರ್ಷ ಖರೆಯೇ ತೀರಿಕೊಂಡರು. ಎದೆನೋವು. ಬದುಕಿದ್ದವರ ಮುಂದೆ ಹಾಡಿದ್ದರ ಫಲ ಎಂದು ನಮ್ಮೂರ ಹೆಂಗಸರು ಅಂದರು. ಹಾಗಿದ್ದರೆ ಆ ಹಾಡು ಇಷ್ಟು ವರ್ಷ ಯಾರ ಅಪ್ಪಣೆಗೆ ಕಾಯುತ್ತಿತ್ತು?

ಗೋಕಾಕದ ಮನೆಯಲ್ಲಿ ಕಲಿತವರೆಲ್ಲ ಕೈಕಟ್ಟಿ ನಿಂತಿದ್ದರು. ನಾನು ಅಕ್ಕೋರ ತಲೆಯ ಬಳಿ ಕುಳಿತು ಅದೇ ಹಾಡು ಎತ್ತಿಕೊಂಡೆ. ಏನು ಹೇಳಿ ಅಳಬೇಕೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಎಲ್ಲವನ್ನೂ ಅವರೇ ಹೇಳಿಟ್ಟಿದ್ದರು. "ಕಿವಿ ಕೊಟ್ಟಾಕಿ" ಎಂಬಲ್ಲಿಗೆ ಬಂದಾಗ ರೂಢಿಯಂತೆ ಹಾಡು ನಿಲ್ಲಿಸಿದೆ.

ಯಾರೂ ತಡೆಯಲಿಲ್ಲ. ಮುಂದಕ್ಕೆ ಹಾಡಿದೆ.